ಹಿಂದಿನವರದ್ದೇ ತಪ್ಪಾ?

ನಿನ್ನೆ ಸಂಜೆ ಸಿಗ್ನಲ್ ಹತ್ತಿರ ಮುಂದಿದ್ದ ಕಾರು ಗಕ್ಕಂತ ನಿಂತುಬಿಡ್ತು. ನಾನೂ ಬ್ರೇಕ್ ಒತ್ತಿದೆ, ಆದರೂ 'ಟಪ್'. ಅವರ ಬಂಪರ್ ಮೇಲೆ ನನ್ನ ನಂಬರ್ ಪ್ಲೇಟಿನ ಎರಡು ಸ್ಕ್ರೂಗಳ ಗುರುತು ಅಚ್ಚೊತ್ತಿದ ಹಾಗೆ ಬಿದ್ದಿತ್ತು, ಅಷ್ಟೇ. ಅಷ್ಟರಲ್ಲೇ ಸುತ್ತ ನ್ಯಾಯಪೀಠ ಸೇರಿತ್ತು. ಎಳನೀರಿನವರ ತೀರ್ಪು: "ಹಿಂದಿಂದ ಗುದ್ದಿದವ್ರದ್ದೇ ತಪ್ಪು ಸಾರ್." ಪೇಂಟಿಗೆ ದುಡ್ಡು ಕೊಟ್ಟು ಬಂದೆ.

ಅಂತರ ಬಿಡಬೇಕಾದ್ದು ಹಿಂದಿನವನೇ, ಒಪ್ಪಿದೆ. ಆದರೂ ಸಮಾಧಾನವಾಗದೆ ರಾತ್ರಿ ಕೂತು ಓದಿದೆ. 2017ರಲ್ಲಿ ಕೊಯಮತ್ತೂರಿನಲ್ಲಿ ಒಬ್ಬರು, ಗರ್ಭಿಣಿ ಹೆಂಡತಿಗೆ ವಾಂತಿ ಬಂತೆಂದು, ಹೆದ್ದಾರಿ ನಡುವೆ ಸೂಚನೆಯನ್ನೇ ಕೊಡದೆ ಕಾರು ನಿಲ್ಲಿಸಿದ್ರಂತೆ. ಹಿಂದಿದ್ದ ಬೈಕಿನ ವಿದ್ಯಾರ್ಥಿ ಗುದ್ದಿ ಬಿದ್ದ, ಬಸ್ಸು ಹರಿದು ಕಾಲೇ ಹೋಯ್ತು. 2025ರಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಪಾಲು ಹಾಕಿತು: ಕಾರಿನವರಿಗೆ ಶೇ 50, ಬಸ್ಸಿಗೆ 30, ಹುಡುಗನಿಗೆ 20.

ಹಿಂದಿನವನಿಗೆ ಇಪ್ಪತ್ತೇ! ಓದಿ ಸ್ವಲ್ಪ ಹೊತ್ತು ಎದೆಯುಬ್ಬಿಸಿಕೊಂಡಿದ್ದೆ. ಆಮೇಲೆ ನೆನಪಾಯ್ತು, ಮುಂದಿನ ಕಾರಿನ ಬ್ರೇಕ್ ಲೈಟ್ ಕೆಂಪಗೆ ಉರೀತಾನೇ ಇತ್ತು. ನಾನು ಎಡಗಡೆ ಹೋಟೆಲ್ ಬೋರ್ಡಲ್ಲಿ ಮಸಾಲೆ ದೋಸೆ ರೇಟ್ ನೋಡ್ತಿದ್ದೆ.

ಮನೆಯಲ್ಲಿ ಇನ್ನೂ ಹೇಳಿಲ್ಲ.