ಒಳಚಕ್ರ ನೆಲ ಬಿಟ್ಟ ದಿನ

ಇಳಿಜಾರಿನ ಅಂಚಿನಲ್ಲಿದ್ದ ಆ ಎಡತಿರುವನ್ನು ನಾನು ಅದಕ್ಕೆ ಮೊದಲು ಹತ್ತಾರು ಬಾರಿ ದಾಟಿದ್ದೆ. ಅಲ್ಲಿ ನೆಲವು ಬಲಕ್ಕೆ, ಅಂದರೆ ತಿರುವಿನ ಹೊರಬದಿಗೆ ವಾಲಿಕೊಂಡಿದೆ. ನಡುವೆ ಮಳೆನೀರು ಕೊರೆದ ಒಂದು ತಗ್ಗಿದೆ. ಆ ಬೆಳಿಗ್ಗೆ ನನ್ನ ಎಟಿವಿಯ (ಒರಟು ನೆಲದ ಮೇಲೆ ಓಡಿಸುವ ನಾಲ್ಕು ಚಕ್ರದ ವಾಹನದ) ಎಡ ಮುಂಚಕ್ರ ತಗ್ಗಿನ ಮೇಲೆ ಬಂದಾಗ ಕೆಳಗಿಳಿಯುವ ಬದಲು ಗಾಳಿಯಲ್ಲೇ ನಿಂತಿತು. ಅದರ ಬೆನ್ನಿಗೇ ಎಡ ಹಿಂಚಕ್ರವೂ ನೆಲ ಬಿಟ್ಟಿತು. ಹೆಬ್ಬೆರಳನ್ನು ಥ್ರಾಟಲ್‌ನಿಂದ ತೆಗೆದು ಇಡೀ ದೇಹವನ್ನು ಎಡಕ್ಕೆ ಚಾಚಿದ್ದರಿಂದ ಚಕ್ರಗಳು ಮತ್ತೆ ನೆಲಕ್ಕೆ ಕೂತವು. ವಾಹನ ನಿಂತ ಮೇಲೂ ಬಹಳ ಹೊತ್ತು ನನ್ನ ಕೈಗಳು ಹ್ಯಾಂಡಲ್ ಬಿಡಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ ಸಂಗತಿಯೆಂದರೆ, ಹಿಂದಿನ ಸಂಜೆಯಷ್ಟೇ ವಾಹನ ವಾಲುವುದನ್ನು ಕಡಿಮೆ ಮಾಡಲೆಂದು ನಾನು ಸಸ್ಪೆನ್ಷನ್ನನ್ನು, ಅಂದರೆ ಚಕ್ರಗಳನ್ನು ಮೈಗೆ ಜೋಡಿಸುವ ಸ್ಪ್ರಿಂಗ್, ಶಾಕ್‌ಗಳ ವ್ಯವಸ್ಥೆಯನ್ನು, ‘ಗಟ್ಟಿ’ ಮಾಡಿದ್ದೆ. ಹಳೆಯದಾಗಿ ಕೊಂಡ ಎಟಿವಿ ಅದು. ನಾಲ್ಕೂ ಚಕ್ರಗಳಿಗೆ ಬೇರೆ ಬೇರೆ ಸ್ಪ್ರಿಂಗ್, ಬೇರೆ ಬೇರೆ ಶಾಕ್ ಅಬ್ಸಾರ್ಬರ್ ಇರುವ ಮಾದರಿ. ತಿರುವಿನಲ್ಲಿ ಅದು ಹೊರಗೆ ವಾಲುವ ರೀತಿ ನನಗೆ ಹಿಡಿಸಿರಲಿಲ್ಲ. ಶಾಕ್‌ಗಳ ಮೇಲಿನ, ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರೀಲೋಡ್ ರಿಂಗ್‌ಗಳನ್ನು ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿಸಿ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿ, ಇನ್ನು ವಾಲುವುದಿಲ್ಲವೆಂದು ನಂಬಿಕೊಂಡಿದ್ದೆ.

ಜೊತೆಗೆ ಬಂದಿದ್ದ ಹಿರಿಯ ಗೆಳೆಯರು ಇಂಥ ವಾಹನಗಳ ಸಸ್ಪೆನ್ಷನ್ ಬಿಚ್ಚಿ ಕೂಡಿಸುವುದರಲ್ಲಿ ವರ್ಷಗಳನ್ನು ಕಳೆದವರು. ಅವರು ನನ್ನನ್ನು ಬೈಯಲಿಲ್ಲ. ವಾಹನದ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಚಕ್ರಗಳನ್ನು ಚೌಕಟ್ಟಿಗೆ ಸೇರಿಸುವ ಎ-ಆರ್ಮ್‌ಗಳು ಕೆಳಮುಖವಾಗಿ ಚಾಚಿಕೊಂಡಿದ್ದನ್ನು ಬೆರಳಿನಿಂದ ತೋರಿಸಿ, “ರಿಂಗ್ ಎಷ್ಟು ಸುತ್ತು ತಿರುಗಿಸಿದಿರಿ?” ಎಂದು ಕೇಳಿದರು. ನನಗೆ ಲೆಕ್ಕ ಗೊತ್ತಿರಲಿಲ್ಲ. “ಹಾಗಾದರೆ ಮೊದಲು ಅಳೆಯೋಣ” ಎಂದು ಟೇಪು ತೆಗೆದರು.

ಜಾಕ್ ಇಟ್ಟು ವಾಹನವನ್ನು ಎತ್ತಿ, ಚಕ್ರಗಳು ಪೂರ್ತಿ ಇಳಿಬಿದ್ದಾಗ ಅಚ್ಚಿನಿಂದ ಚೌಕಟ್ಟಿನ ಮೇಲೆ ಗುರುತಿಟ್ಟ ಜಾಗದವರೆಗಿನ ಅಂತರವನ್ನು ಅಳೆದೆವು. ಅನಂತರ ನೆಲಕ್ಕಿಳಿಸಿ, ನಾನು ಹೆಲ್ಮೆಟ್ ಧರಿಸಿ ಸವಾರಿಯ ಭಂಗಿಯಲ್ಲಿ ಕೂತಾಗ ಅದೇ ಅಂತರವನ್ನು ಮತ್ತೆ ಅಳೆದೆವು. ಎರಡರ ನಡುವಿನ ವ್ಯತ್ಯಾಸಕ್ಕೆ ಸ್ಯಾಗ್ ಎನ್ನುತ್ತಾರೆ. ಸವಾರನ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗಿ ಕೂತಿತು ಎಂಬುದರ ಅಳತೆ ಅದು. ಚಕ್ರದ ಒಟ್ಟು ಚಲನೆಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸ್ಯಾಗ್ ಇರಬೇಕೆಂಬುದು ರೂಢಿಯ ಲೆಕ್ಕ. ನನ್ನ ಎಟಿವಿಯಲ್ಲಿ ಚಕ್ರದ ಚಲನೆ ಸುಮಾರು 20 ಸೆಂಟಿಮೀಟರ್. ಸ್ಯಾಗ್ ಇದ್ದದ್ದು ಎರಡೂವರೆ ಮಾತ್ರ.

ಬೆಳಗಿನ ಘಟನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಸಸ್ಪೆನ್ಷನ್ ಎಂದರೆ ಚಕ್ರ ಮೇಲಕ್ಕೆ ಹೋಗುವ ವ್ಯವಸ್ಥೆ ಎಂದಷ್ಟೇ ನಾನು ಯೋಚಿಸುತ್ತಿದ್ದೆ. ಅದು ಕೆಳಕ್ಕೂ ಹೋಗಬೇಕು. ತಗ್ಗು ಎದುರಾದಾಗ ಅಥವಾ ಮೈ ಹೊರಗೆ ವಾಲಿ ಒಳಬದಿ ಮೇಲೇಳುವಾಗ, ಒಳಚಕ್ರ ನೆಲವನ್ನು ಹಿಂಬಾಲಿಸಿ ಇಳಿಯಲು ಅದರ ಕೆಳಗೆ ಚಲನೆ ಉಳಿದಿರಬೇಕು. ನಾನು ಉಳಿಸಿದ್ದು ಎರಡೂವರೆ ಸೆಂಟಿಮೀಟರ್. ತಗ್ಗು ಅದಕ್ಕಿಂತ ಆಳವಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಅವರು ಬಿಡಿಸಿಟ್ಟರು. ಪ್ರೀಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಒಂದು ಸೆಂಟಿಮೀಟರ್ ಕುಗ್ಗಲು 20 ಕಿಲೋ ಭಾರ ಬೇಡುವ ಏಕರೂಪದ ಸ್ಪ್ರಿಂಗ್, ರಿಂಗ್ ಎಷ್ಟು ತಿರುಗಿಸಿದರೂ ಮುಂದಿನ ಪ್ರತಿ ಸೆಂಟಿಮೀಟರಿಗೂ 20 ಕಿಲೋವನ್ನೇ ಬೇಡುತ್ತದೆ. ರಿಂಗ್ ತಿರುಗಿಸಿದಾಗ ನಿಜವಾಗಿ ಆಗುವುದು ಇಷ್ಟೇ: ವಾಹನದ ಮೈ ಮೇಲೇಳುತ್ತದೆ. ಸ್ಪ್ರಿಂಗ್ ಗಟ್ಟಿ ಬೇಕೆಂದರೆ ಸ್ಪ್ರಿಂಗನ್ನೇ ಬದಲಿಸಬೇಕು. ವಾಲುವುದನ್ನು ತಡೆಯಲು ಹೊರಟವನು ಗುರುತ್ವ ಕೇಂದ್ರವನ್ನು ಎತ್ತರಿಸಿ ಇಟ್ಟಿದ್ದೆ ಎಂಬುದು ಆಗ ಅರ್ಥವಾಯಿತು.

ಎತ್ತರದ ಪರಿಣಾಮ ಎಷ್ಟಿರಬಹುದೆಂದು ಅಲ್ಲೇ ನೋಟ್‌ಪುಸ್ತಕದಲ್ಲಿ ಲೆಕ್ಕ ಹಾಕಿದೆವು. ವಾಹನ ಮತ್ತು ನಾನು ಸೇರಿ 375 ಕಿಲೋ, ಅದರಲ್ಲಿ ನಾನು 75. ಎಡಬಲ ಚಕ್ರಗಳ ನಡುವಿನ ಅಗಲ ಒಂದು ಮೀಟರ್. ಗುರುತ್ವ ಕೇಂದ್ರದ ಎತ್ತರ 60 ಸೆಂಟಿಮೀಟರ್ ಎಂದಿಟ್ಟುಕೊಂಡೆವು. ಸಮನೆಲದ ತಿರುವಿನಲ್ಲಿ ಗುರುತ್ವಾಕರ್ಷಣೆಯ 0.4ರಷ್ಟು ಪಕ್ಕದ ಬಲ ಉಂಟಾದರೆ, ಒಳಚಕ್ರಗಳಿಂದ ಹೊರಚಕ್ರಗಳಿಗೆ ವರ್ಗವಾಗುವ ಭಾರ 90 ಕಿಲೋ. ಈ ಒಟ್ಟು ಮೊತ್ತವನ್ನು ನಿರ್ಧರಿಸುವುದು ತೂಕ, ಎತ್ತರ ಮತ್ತು ಅಗಲ. ಸ್ಪ್ರಿಂಗ್ ಗಟ್ಟಿ ಇರಲಿ, ಮೆತ್ತಗಿರಲಿ, ಮೊತ್ತ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ಬಲ 0.83 ಮುಟ್ಟಿದಾಗ ಒಳಚಕ್ರಗಳ ಮೇಲೆ ಭಾರವೇ ಉಳಿಯುವುದಿಲ್ಲ. ಎತ್ತರವನ್ನು 4 ಸೆಂಟಿಮೀಟರ್ ಇಳಿಸಿದರೆ ಆ ಮಿತಿ 0.89ಕ್ಕೆ ಏರುತ್ತದೆ. ಸವಾರನು ತಿರುವಿನ ಒಳಬದಿಗೆ 20 ಸೆಂಟಿಮೀಟರ್ ಸರಿದರೆ ಒಟ್ಟು ಗುರುತ್ವ ಕೇಂದ್ರವೂ 4 ಸೆಂಟಿಮೀಟರ್ ಒಳಗೆ ಸರಿಯುತ್ತದೆ, ಮಿತಿ 0.90 ಆಗುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಲಾಭ ತರುತ್ತವೆ ಎಂಬುದನ್ನು ಕಂಡಾಗ, ಎಟಿವಿಯನ್ನು ಕುದುರೆಯಂತೆ ಕಾಲು ಇಬ್ಬದಿಗೆ ಹಾಕಿ ಕೂರುವ ಹಾಗೆ ಏಕೆ ಮಾಡಿದ್ದಾರೆಂಬುದು ನನಗೆ ಮೊದಲ ಬಾರಿಗೆ ಸರಿಯಾಗಿ ತಿಳಿಯಿತು. ಕಾರಿನ ಚಾಲಕ ಸೀಟಿನಲ್ಲಿ ಕೂತೇ ಇರುತ್ತಾನೆ. ಇಲ್ಲಿ ಸವಾರನ ಸೊಂಟವೂ ಸಸ್ಪೆನ್ಷನ್ನಿನ ಒಂದು ಭಾಗ. ಬೆಳಗಿನ ತಿರುವಿನಲ್ಲಿ ನೆಲವೇ ಹೊರಕ್ಕೆ ವಾಲಿದ್ದರಿಂದ ಈ ಮಿತಿಗಳೆಲ್ಲ ಇನ್ನೂ ಕೆಳಗಿದ್ದವು ಎಂಬುದನ್ನೂ ಹೇಳಬೇಕು.

ರಿಂಗ್‌ಗಳನ್ನು ಸಡಿಲಿಸಿ ಸ್ಯಾಗನ್ನು ಆರೂವರೆ ಸೆಂಟಿಮೀಟರಿಗೆ ತಂದೆವು. ಹಾಗೆ ಇಳಿಸಿದಾಗ ಇನ್ನೊಂದು ಲಾಭ ತಾನಾಗಿಯೇ ಬಂತು. ವಾಹನ ವಿನ್ಯಾಸದ ಎತ್ತರಕ್ಕಿಂತ ಮೇಲೆ ಕೂತಿದ್ದಾಗ ಹ್ಯಾಂಡಲ್ಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಮತ್ತು ಎ-ಆರ್ಮ್‌ಗಳು ಬೇರೆ ಬೇರೆ ಕಮಾನಿನಲ್ಲಿ ಚಲಿಸುತ್ತಿದ್ದವು. ಆದ್ದರಿಂದ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ನಾನು ಹ್ಯಾಂಡಲ್ ತಿರುಗಿಸದಿದ್ದರೂ ಆ ಚಕ್ರ ತುಸು ಎಡಕ್ಕೋ ಬಲಕ್ಕೋ ಹೊರಳುತ್ತಿತ್ತು. ಹಿಂದಿನ ಸಂಜೆಯಿಂದ ಹ್ಯಾಂಡಲ್ ಕೈಗೆ ಒದೆಯುತ್ತಿದ್ದ ಕಾರಣ ಅದೇ. ಆರ್ಮ್‌ಗಳು ನೆಲಕ್ಕೆ ಹೆಚ್ಚು ಸಮಾನಾಂತರವಾದ ಮೇಲೆ ಒದೆತ ನಿಂತಿತು.

ಆದರೂ ನನ್ನ ಮೊದಲ ದೂರು, ಅಂದರೆ ವಾಲುವಿಕೆ, ಹಾಗೇ ಉಳಿದಿತ್ತು. ಗೆಳೆಯರು ಸಮತಟ್ಟಾದ ಮಣ್ಣಿನ ಬಯಲಿನಲ್ಲಿ ಹಗ್ಗ ಹಿಡಿದು 10 ಮೀಟರ್ ತ್ರಿಜ್ಯದ ವೃತ್ತ ಎಳೆದರು. ಅದರ ಸುತ್ತಳತೆ ಸುಮಾರು 63 ಮೀಟರ್; ಒಂದು ಸುತ್ತನ್ನು 10 ಸೆಕೆಂಡಿನಲ್ಲಿ ಮುಗಿಸಿದರೆ ಪಕ್ಕದ ಬಲ 0.4ಕ್ಕೆ ಬರುತ್ತದೆ. ನಿಧಾನವಾಗಿ ಆರಂಭಿಸಿ ವೇಗ ಹೆಚ್ಚಿಸುತ್ತ ಹೋದೆ. 11 ಸೆಕೆಂಡಿನ ಹೊತ್ತಿಗೆ ಮುಂಭಾಗ ಗೆರೆ ಬಿಟ್ಟು ಹೊರಗೆ ಜಾರತೊಡಗಿತು. ಹ್ಯಾಂಡಲ್ಲನ್ನು ಇನ್ನಷ್ಟು ತಿರುಗಿಸಿದರೂ ಮೂಗು ಒಳಗೆ ಬರಲಿಲ್ಲ, ಮೈ ಮಾತ್ರ ಹೊರಗೆ ತೂಗಿತು. ಎರಡೂ ದಿಕ್ಕಿನಲ್ಲಿ ಹೀಗೇ ಆಯಿತು.

ಅವರು ಹಿಂಬದಿಗೆ ಹೋಗಿ ನೋಡಿ ನನ್ನನ್ನು ಕರೆದರು. ಎಡಬಲ ಹಿಂಚಕ್ರಗಳ ಆರ್ಮ್‌ಗಳನ್ನು ಜೋಡಿಸಿ ವಾಲುವಿಕೆಯನ್ನು ತಡೆಯುವ ಆಂಟಿರೋಲ್ ಬಾರ್ ಎಂಬ ಸರಳು ಅಲ್ಲಿತ್ತು. ಆದರೆ ಅದರ ಒಂದು ತುದಿಯ ಲಿಂಕ್ ರಾಡನ್ನು ಹಿಂದಿನ ಮಾಲೀಕರು ಯಾವಾಗಲೋ ಬಿಚ್ಚಿ, ಬಾರನ್ನು ಹಾಗೇ ಬಿಟ್ಟಿದ್ದರು. ಬಾರು ಇದ್ದೂ ಇಲ್ಲದಂತೆ ತೂಗುತ್ತಿತ್ತು. ಇದರಲ್ಲಿ ದುರುದ್ದೇಶವಿದ್ದಿರಲಾರದು, ಕೊರಕಲು ದಾರಿಗಳಲ್ಲಿ ಎರಡು ಚಕ್ರಗಳು ಸ್ವತಂತ್ರವಾಗಿ ಆಡಲೆಂದು ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ.

ಆ ಒಂದು ಕಡ್ಡಿಗೂ ಮುಂಚಕ್ರದ ಜಾರುವಿಕೆಗೂ ಸಂಬಂಧವಿದೆ ಎಂಬುದನ್ನು ಒಪ್ಪಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿರುವಿನಲ್ಲಿ ಹೊರಗೆ ವರ್ಗವಾಗುವ ಭಾರದ ಮೊತ್ತ ನಿಗದಿಯಾದದ್ದೇ ಹೌದು, ಆದರೆ ಆ ಮೊತ್ತವನ್ನು ಮುಂದಿನ ಜೋಡಿ ಎಷ್ಟು, ಹಿಂದಿನ ಜೋಡಿ ಎಷ್ಟು ಹೊರಬೇಕೆಂದು ಹಂಚುವುದು ಸಸ್ಪೆನ್ಷನ್. ಎಲ್ಲಿ ವಾಲುವಿಕೆಗೆ ಹೆಚ್ಚು ಪ್ರತಿರೋಧವಿದೆಯೋ ಅಲ್ಲಿಗೆ ಹೆಚ್ಚು ಪಾಲು. ಟೈರಿನ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ: ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಹೆಚ್ಚುತ್ತದೆ. ಹಾಗಾಗಿ ಯಾವ ಜೋಡಿಯಲ್ಲಿ ಒಂದು ಚಕ್ರ ವಿಪರೀತ ಭಾರ ಹೊತ್ತು ಇನ್ನೊಂದು ಹಗುರಾಗುತ್ತದೆಯೋ ಆ ಜೋಡಿಯ ಒಟ್ಟು ಹಿಡಿತ ಕುಗ್ಗುತ್ತದೆ. ಹಿಂದಿನ ಬಾರು ಕೆಲಸ ನಿಲ್ಲಿಸಿದ್ದರಿಂದ ನನ್ನ ಎಟಿವಿಯ ಮುಂಭಾಗ ತನ್ನ ಪಾಲಿಗಿಂತ ಹೆಚ್ಚು ವರ್ಗಾವಣೆಯನ್ನು ಹೊತ್ತು ಜಾರುತ್ತಿತ್ತು. ಹಿಂದಿನ ಕೊಂಡಿಯೊಂದು ಮುಂದಿನ ಚಕ್ರದ ಹಿಡಿತವನ್ನು ನಿರ್ಧರಿಸುತ್ತದೆ ಎಂಬ ಈ ಮಾತನ್ನು ಓದಿ ತಿಳಿದಿದ್ದರೆ ಅದು ಇಷ್ಟು ಆಳವಾಗಿ ಮನಸ್ಸಿಗೆ ಇಳಿಯುತ್ತಿರಲಿಲ್ಲವೇನೋ.

ಅವರ ಪೆಟ್ಟಿಗೆಯಲ್ಲಿದ್ದ ಬೋಲ್ಟು, ಬುಷ್ ಬಳಸಿ ಲಿಂಕನ್ನು ಮತ್ತೆ ಕೂಡಿಸಿದೆವು. ವೃತ್ತದ ಗೆರೆಯ ಮೇಲೆ ಈ ಬಾರಿ ಮೂಗು ತಾನಾಗಿ ಒಳಗೆ ಬಂತು, ಮೈ ಮೊದಲಿಗಿಂತ ನೆಟ್ಟಗೆ ನಿಂತಿತು; ಮೂರನೆಯ ಪ್ರಯತ್ನದಲ್ಲಿ ಸುತ್ತು 10 ಸೆಕೆಂಡಿಗೆ ಮುಗಿಯಿತು. ವೇಗ ಇನ್ನೂ ಹೆಚ್ಚಿಸಿದಾಗ ಹಿಂಭಾಗ ಮೆಲ್ಲನೆ ಜಾರುವ ಸೂಚನೆ ಕೊಟ್ಟಿತು. ಬಾರನ್ನು ಇದಕ್ಕಿಂತ ದಪ್ಪದ್ದು ಹಾಕಿದರೆ ಆ ಜಾರುವಿಕೆ ಬೇಗ ಬರುತ್ತದೆ, ಆದ್ದರಿಂದ ಇಷ್ಟು ಸಾಕೆಂದು ಇಬ್ಬರಿಗೂ ಅನ್ನಿಸಿತು.

ಮಧ್ಯಾಹ್ನ ಅವರ ಎಟಿವಿಯಲ್ಲೂ ನಾಲ್ಕು ಸುತ್ತು ಹೊಡೆದೆ. ಅದು ಸ್ಪೋರ್ಟ್ ಮಾದರಿ. ಹಿಂದೆ ಇಡಿಯಾದ ಒಂದೇ ಆಕ್ಸಲ್, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಕ್ರಮಿಸಬೇಕು, ಒಳಚಕ್ರ ಕಡಿಮೆ. ಆದರೆ ಎರಡೂ ಒಂದೇ ವೇಗದಲ್ಲಿ ತಿರುಗುವುದರಿಂದ ಯಾವುದಾದರೊಂದು ಜಾರಲೇಬೇಕು. ಎರಡೂ ಗಟ್ಟಿಯಾಗಿ ನೆಲ ಹಿಡಿದರೆ ವಾಹನ ನೇರಕ್ಕೇ ಹೋಗಲು ಹಟ ಮಾಡುತ್ತದೆ. ಅದಕ್ಕಾಗಿ ಹೊರಬದಿಯ ಪಾದಪೀಠದ ಮೇಲೆ ಭಾರ ಒತ್ತಿ, ಎದೆಯನ್ನು ಒಳಬದಿಗೆ ಮುಂದಕ್ಕೆ ಬಾಗಿಸಿ, ಒಳಗಿನ ಹಿಂಚಕ್ರವನ್ನು ಹಗುರ ಮಾಡುವುದು ಅಲ್ಲಿನ ಕ್ರಮ. ನನ್ನ ವಾಹನದಲ್ಲಿ ಬೆಳಿಗ್ಗೆ ಅಪಾಯವಾಗಿದ್ದ ಹಗುರವಾದ ಒಳ ಹಿಂಚಕ್ರ, ಮಿತಿಯಲ್ಲಿದ್ದರೆ, ಅವರ ವಾಹನಕ್ಕೆ ತಿರುಗುವ ಉಪಾಯ. ಒಂದು ಮಾದರಿಯ ಸೆಟ್ಟಿಂಗನ್ನು ಇನ್ನೊಂದಕ್ಕೆ ಹೇಳಿಕೊಡುವವರ ಮಾತನ್ನು ನಾನು ಅಂದಿನಿಂದ ಎಚ್ಚರಿಕೆಯಿಂದ ಕೇಳುತ್ತೇನೆ.

ಟೈರುಗಳ ಗಾಳಿಯನ್ನೂ ನೋಡಿದೆವು. 1970ರಲ್ಲಿ ಹೋಂಡಾ ಮಾರುಕಟ್ಟೆಗೆ ತಂದ ಮೂರು ಚಕ್ರದ ವಾಹನದಲ್ಲಿ ಸ್ಪ್ರಿಂಗಾಗಲಿ ಶಾಕ್ ಆಗಲಿ ಇರಲಿಲ್ಲ; ಬಲೂನಿನಂಥ ಟೈರುಗಳೇ ಸಸ್ಪೆನ್ಷನ್. ಆ ಗುಣ ಇಂದಿನ ಟೈರುಗಳಲ್ಲೂ ಉಳಿದಿದೆ, ಆದರೆ ಟೈರು ಪುಟಿತವನ್ನು ತಣಿಸಲಾರದ ಸ್ಪ್ರಿಂಗ್. ನನ್ನ ಟೈರುಗಳಿಗೆ ಹೇಳಿರುವ ಒತ್ತಡ, ಚದರ ಇಂಚಿಗೆ ಪೌಂಡ್ ಲೆಕ್ಕದಲ್ಲಿ, 5 ಪಿಎಸ್‌ಐ. ಎಡ ಹಿಂಚಕ್ರದಲ್ಲಿ 4 ಮಾತ್ರ ಇತ್ತು. ಕಾರಿನ ಟೈರಿನಲ್ಲಿ ಲೆಕ್ಕಕ್ಕೇ ಬಾರದ ಒಂದು ಪಿಎಸ್‌ಐ ಇಲ್ಲಿ ಐದರಲ್ಲಿ ಒಂದು ಪಾಲು.

ಸಂಜೆ ಅದೇ ಎಡತಿರುವಿಗೆ ಹೋದೆ. ಮೊದಲು ನಡೆಯುವ ವೇಗದಲ್ಲಿ, ಆಮೇಲೆ ತುಸು ಹೆಚ್ಚಿಸಿ, ಕೊನೆಗೆ ಬೆಳಗಿನ ವೇಗದಲ್ಲಿ. ತಗ್ಗಿನ ಮೇಲೆ ಎಡ ಮುಂಚಕ್ರ ಕೆಳಗಿಳಿದು ತಳ ಮುಟ್ಟಿ ಮೇಲೆ ಬಂದದ್ದು ಹ್ಯಾಂಡಲ್ ಮೂಲಕ ಕೈಗೆ ತಿಳಿಯಿತು. ತಗ್ಗಿನಾಚೆಯ ಸಾಲು ದಿಣ್ಣೆಗಳಲ್ಲಿ ಮಾತ್ರ ವಾಹನ ಒಂದೊಂದಕ್ಕೂ ಕುಗ್ಗುತ್ತ ಹೋಗಿ ಕೊನೆಗೆ ಗಡಸಾಗಿ ಬಡಿಯುತ್ತಿತ್ತು. ಶಾಕಿನ ರೀಬೌಂಡ್, ಅಂದರೆ ಕುಗ್ಗಿದ ಮೇಲೆ ಮತ್ತೆ ಚಾಚಿಕೊಳ್ಳುವ ಚಲನೆ, ನಿಧಾನವಾಗಿದ್ದುದರಿಂದ ಒಂದು ದಿಣ್ಣೆಯ ಒತ್ತಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬರುತ್ತಿತ್ತು. ರೀಬೌಂಡ್ ತಿರುಪನ್ನು ಎರಡು ಕ್ಲಿಕ್ ಸಡಿಲಿಸಿದ ಮೇಲೆ ಅದೂ ಹತೋಟಿಗೆ ಬಂತು. ಹಿಂದಿನ ಬಾರು ಕೂಡಿಸಿದ್ದರ ಬೆಲೆಯೂ ಅಲ್ಲೇ ಕಾಣಿಸಿತು: ಅಡ್ಡ ಕೊರಕಲೊಂದರಲ್ಲಿ ಒಂದು ಹಿಂಚಕ್ರ ಏರಿದಾಗ ಬಾರು ಇನ್ನೊಂದನ್ನೂ ಮೇಲಕ್ಕೆ ಎಳೆದು, ಅದರ ಹಿಡಿತ ಒಂದು ಕ್ಷಣ ಸಡಿಲವಾಯಿತು. ನಾನು ತಿರುವಿನ ಭದ್ರತೆಯನ್ನೇ ಆರಿಸಿಕೊಂಡೆ. ದಿನವಿಡೀ ಬಂಡೆಗಳ ಮೇಲೆ ನಿಧಾನವಾಗಿ ಹತ್ತುವವರು ಬೇರೆ ರೀತಿ ಆರಿಸಬಹುದು, ಅದೂ ಸರಿಯೇ.

ಹೊರಡುವ ಮೊದಲು ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಂಡೆ: ಸ್ಯಾಗ್ ಆರೂವರೆ, ರಿಂಗಿನ ಕೆಳಗೆ ಕಾಣುವ ತಿರುಪಿನ ಎಳೆಗಳ ಎಣಿಕೆ, ರೀಬೌಂಡ್ ಪೂರ್ತಿ ಮುಚ್ಚಿದಲ್ಲಿಂದ ಎಷ್ಟು ಕ್ಲಿಕ್, ಟೈರು 5. ಗೆಳೆಯರು ಲಿಂಕಿನ ನಟ್ಟಿನಿಂದ ಬೋಲ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದುಕೊಟ್ಟರು. ನಟ್ಟು ಸಡಿಲವಾದರೆ ಗೆರೆ ಮುರಿದು ಕಾಣುತ್ತದೆ. ಪ್ರತಿ ಸವಾರಿಗೂ ಮೊದಲು ಈಗ ನಾನು ಹಿಂಬದಿಗೆ ಹೋಗಿ, ಬಾಗಿ, ಆ ಗೆರೆಯನ್ನು ನೋಡಿಯೇ ಹತ್ತಿ ಕೂರುತ್ತೇನೆ.