ಮುರುಗಲು ಘಟಕದ ಕಡತ ತೆರೆದ ದಿನ

ಶಿರಸಿ ತಾಲೂಕಿನ ಬೆಳೆಗಾರರ ಸಂಘವೊಂದು ಸಾಲ ತೆಗೆದು ಮುರುಗಲು, ಅಂದರೆ ಕೋಕಂ ಹಣ್ಣಿನ ಸಂಸ್ಕರಣಾ ಘಟಕವನ್ನು ಕಟ್ಟಿಸಿತ್ತು. ಕಟ್ಟಡ ಎದ್ದಿತು, ವಿದ್ಯುತ್ ಡ್ರೈಯರ್ ಬಂದು ಕೂತಿತು. ಆದರೆ ತ್ರೀ ಫೇಸ್ ಸಂಪರ್ಕ ಸಿಕ್ಕಿದ್ದು ಮಳೆಗಾಲ ಹಿಡಿದ ಮೇಲೆ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮಳೆ ಬಿತ್ತೆಂದರೆ ಹಣ್ಣು ಉದುರಿ ಕೊಳೆಯುತ್ತದೆ, ಒಡೆದಿಟ್ಟ ಸಿಪ್ಪೆಗೆ ಬಿಸಿಲೂ ಸಿಗುವುದಿಲ್ಲ. ಈ ತೊಂದರೆಯ ಪರಿಹಾರಕ್ಕೆಂದೇ ಕಟ್ಟಿಸಿದ ಘಟಕವು ಮೊದಲ ಹಂಗಾಮಿನಲ್ಲಿ ಒಂದು ಬುಟ್ಟಿ ಹಣ್ಣನ್ನೂ ಕಾಣಲಿಲ್ಲ. ಸಣ್ಣ ಉದ್ದಿಮೆಗಳ ಯೋಜನಾ ನಿರ್ವಹಣೆ ನನ್ನ ಉದ್ಯೋಗವಾದ್ದರಿಂದ, ಏನಾಯಿತೆಂದು ವಿಚಾರಿಸುವ ಸಭೆಯನ್ನು ನಡೆಸಿಕೊಡುವಂತೆ ಸಂಘದವರು ನನ್ನನ್ನು ಕೇಳಿಕೊಂಡರು.

ಪುನರ್ವಸು ಮಳೆ ಜೋರಾಗಿದ್ದ ಆ ದಿನ ಸಂಘದ ಮಾಳಿಗೆಯ ಕೋಣೆಯಲ್ಲಿ ಸೇರಿದ್ದ ನಿರ್ದೇಶಕರು, ಗುತ್ತಿಗೆದಾರರು ಮತ್ತು ಬೆಳೆಗಾರರೆಲ್ಲರ ಮನಸ್ಸಿನಲ್ಲೂ ಇದ್ದದ್ದು ತಪ್ಪು ಯಾರದೆಂಬ ಪ್ರಶ್ನೆ. ಸಾಲಕ್ಕೆ ಜಾಮೀನು ನಿಂತವರಿಗೆ ಆ ಪ್ರಶ್ನೆ ಕೇಳುವ ಹಕ್ಕು ಖಂಡಿತ ಇದೆ. ಆದರೆ ಒಬ್ಬರ ಹೆಸರು ಹೊರಬಿದ್ದ ಕೂಡಲೇ ಉಳಿದವರು ತಮಗೆ ಗೊತ್ತಿದ್ದುದನ್ನು ಬಾಯಿಬಿಡುವುದಿಲ್ಲ ಎಂಬುದನ್ನು ನಾನು ಬೇರೆ ಕಡೆಗಳಲ್ಲಿ ಕಂಡಿದ್ದೆ. ಆದ್ದರಿಂದ ಅಮೆರಿಕದ ಸೇನೆಯು 1970ರ ದಶಕದಲ್ಲಿ ತನ್ನ ತರಬೇತಿಗಾಗಿ ರೂಪಿಸಿಕೊಂಡು, ನಂತರ ಉದ್ಯಮಗಳೂ ಅಳವಡಿಸಿಕೊಂಡ ನಾಲ್ಕು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದೆ: ಏನು ಆಗಬೇಕಿತ್ತು, ಏನು ಆಯಿತು, ವ್ಯತ್ಯಾಸ ಏಕೆ ಬಂತು, ಮುಂದೆ ಏನು ಮಾಡಬೇಕು.

ಮೊದಲ ಪ್ರಶ್ನೆಗೇ ಮಧ್ಯಾಹ್ನವಾಯಿತು. ಬ್ಯಾಂಕಿಗೆ ಕೊಟ್ಟ ಯೋಜನಾ ವರದಿಯಲ್ಲಿ ಏಪ್ರಿಲ್ ಅಂತ್ಯಕ್ಕೆ ಘಟಕ ಆರಂಭ ಎಂದಿತ್ತು. ಗುತ್ತಿಗೆಯ ಕರಾರಿನಲ್ಲಿ ಕಾರ್ಯಾದೇಶದಿಂದ ಆರು ತಿಂಗಳು ಎಂದಿತ್ತು. ಸಂಘದ ಠರಾವು ಪುಸ್ತಕದಲ್ಲಿ ‘ಬರುವ ಹಂಗಾಮಿಗೆ’ ಎಂದಷ್ಟೇ ಇತ್ತು. ಮರದಲ್ಲಿ ಹಣ್ಣು ಕೆಂಪಾಗುವ ದಿನವನ್ನು ಕೊನೆಯ ಗಡುವಾಗಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ ಕಾಗದ ಮೂರರಲ್ಲಿ ಒಂದೂ ಇರಲಿಲ್ಲ. ಹಾಗೆ ಲೆಕ್ಕ ಹಾಕಿದ್ದರೆ, ಅತಿ ಹೆಚ್ಚು ಕಾಲ ಬೇಡುವ ಕೆಲಸ ಗೋಡೆ, ಚಾವಣಿಗಳದ್ದಲ್ಲ, ಟ್ರಾನ್ಸ್‌ಫಾರ್ಮರಿನದ್ದು ಎಂಬುದು ಅರ್ಜಿ ಬರೆಯುವ ದಿನವೇ ತಿಳಿಯುತ್ತಿತ್ತು. ವೇಳಾಪಟ್ಟಿಯಲ್ಲಿ ಕಟ್ಟಡದ ಕೆಲಸ ಹಲವು ಸಾಲುಗಳನ್ನು ಹಿಡಿದಿತ್ತು. ವಿದ್ಯುತ್ತಿಗೆ ಕೊನೆಯಲ್ಲಿ ಒಂದೇ ಸಾಲು.

ಊಟದ ನಂತರ, ಅಷ್ಟು ಹೊತ್ತು ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಸೈಟಿನ ಹುಡುಗನನ್ನು, ನಿನ್ನ ಹತ್ತಿರ ಏನಾದರೂ ಬರೆದಿಟ್ಟದ್ದು ಇದೆಯೇ ಎಂದು ಕೇಳಿದೆ. ಅವನು ಚೀಲದಿಂದ ಪ್ಲಾಸ್ಟಿಕ್ ಸುತ್ತಿದ್ದ ಉದ್ದದ ನೋಟ್‌ಬುಕ್ ತೆಗೆದ. ಸಿಮೆಂಟ್ ಚೀಲಗಳ ಜಮಾ ಖರ್ಚು, ಕೂಲಿಯವರ ಹಾಜರಿ. ಅವುಗಳ ನಡುವೆ ಮಾರ್ಚ್ ತಿಂಗಳ ಒಂದು ಪುಟದಲ್ಲಿ ನೀಲಿ ಶಾಯಿಯ ಮೂರು ಸಾಲು: ‘ಕಂಬ ಬಂತು. ಟಿಸಿ ಇಲ್ಲ. ಮೇ ದಾಟಬಹುದು ಅಂತ ಲೈನ್‌ಮನ್ ಹೇಳಿದರು.’ ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಈ ಸುದ್ದಿಯನ್ನು ಅವನು ಮೇಸ್ತ್ರಿಗೆ ಹೇಳಿದ್ದ. ಡಿಪಾಸಿಟ್ ಕಟ್ಟಿದವರು ಸಂಘದವರಾದ್ದರಿಂದ ಅವರಿಗೆ ಗೊತ್ತಿರುತ್ತದೆ ಎಂದು ಮೇಸ್ತ್ರಿ ತಿಳಿದ. ಕಾರ್ಯದರ್ಶಿಯ ಮೇಜಿಗೆ ತಿಂಗಳು ತಿಂಗಳೂ ಬಂದ ವರದಿಯಲ್ಲಿ ವಿದ್ಯುತ್ತಿನ ಎದುರು ‘ಪ್ರಗತಿಯಲ್ಲಿದೆ’ ಎಂದೇ ಇತ್ತು.

“ಕರೆಂಟಿನ ವಿಷಯ ನನ್ನನ್ನು ಯಾರೂ ಕೇಳಲಿಲ್ಲ ಸರ್,” ಎಂದು ಹುಡುಗ ತಲೆ ತಗ್ಗಿಸಿದ.

ಆಗ ಹಿರಿಯ ಬೆಳೆಗಾರರೊಬ್ಬರು ಹೇಳಿದ ಮಾತು ಇಡೀ ಸಭೆಯನ್ನು ತಿರುಗಿಸಿತು. “ತಮ್ಮಾ, ಮಾರ್ಚ್‌ನಲ್ಲೇ ಗೊತ್ತಾಗಿದ್ದರೆ ನಮ್ಮ ಮನೆಗಳ ಅಡಿಕೆ ಡ್ರೈಯರ್ ಖಾಲಿಯೇ ಇತ್ತಲ್ಲ. ಕಟ್ಟಿಗೆ ಹಾಕಿ ಅರ್ಧ ಫಸಲನ್ನಾದರೂ ಒಣಗಿಸಿಕೊಳ್ಳುತ್ತಿದ್ದೆವು.” ಅಡಿಕೆ ಕೊಯ್ಲು ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಆ ಡ್ರೈಯರುಗಳಿಗೆ ಕೆಲಸವಿರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಟ್ರಾನ್ಸ್‌ಫಾರ್ಮರ್ ತಡವಾದದ್ದು ಸಂಘದ ಕೈಯಲ್ಲಿ ಇರಲಿಲ್ಲ; ತಡವಾಗುವ ಸುದ್ದಿ ಆ ಪುಟದಲ್ಲೇ ಉಳಿದದ್ದರಿಂದ, ಬೇರೆ ದಾರಿ ನೋಡಿಕೊಳ್ಳುವ ಅವಕಾಶವೂ ತಪ್ಪಿತು. ನನ್ನ ದೃಷ್ಟಿಯಲ್ಲಿ ಹೆಚ್ಚಿನ ನಷ್ಟ ಎರಡನೆಯದೇ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಏಳು ಮಂದಿಯೊಂದಿಗೆ ನಾಶವಾದ ಪ್ರಕರಣವನ್ನು ಅವರಿಗೆ ಹೇಳಿದೆ. ಆ ಚಳಿಯಲ್ಲಿ ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರಿನ ಬಳೆ, ಅಂದರೆ ಓ-ರಿಂಗ್, ಸರಿಯಾಗಿ ಮುಚ್ಚಿಕೊಳ್ಳಲಾರದು, ಉಡಾವಣೆ ಬೇಡ ಎಂದು ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿ ವಾದಿಸಿದ್ದರು. ಅಂತಿಮ ಒಪ್ಪಿಗೆ ಕೊಟ್ಟ ಹಿರಿಯರಿಗೆ ಆ ವಿರೋಧ ತಿಳಿದೇ ಇರಲಿಲ್ಲವೆಂದು ತನಿಖಾ ಆಯೋಗ ಕಂಡುಕೊಂಡಿತು. ಜೀವಗಳನ್ನು ಬಲಿ ಪಡೆದ ದುರಂತದೊಡನೆ ನಮ್ಮ ಘಟಕವನ್ನು ಸರಿದೂಗಿಸಬಾರದು, ಆದರೆ ಸುದ್ದಿ ನಿಂತುಹೋದ ರೀತಿಯಲ್ಲಿ ಎರಡಕ್ಕೂ ಹೋಲಿಕೆಯಿದೆ.

ನಾಲ್ಕನೆಯ ಪ್ರಶ್ನೆಗೆ ಬಂದ ಉತ್ತರಗಳು ಸರಳವಾಗಿದ್ದವು. ವರದಿಯಲ್ಲಿ ಇನ್ನು ಮುಂದೆ ಪ್ರತಿ ಕೆಲಸದ ಎದುರು ಏನು ಬಾಕಿ, ಯಾರಿಂದ ಬಾಕಿ, ಯಾವ ದಿನ ದಾಟಿದರೆ ಹಂಗಾಮು ತಪ್ಪುತ್ತದೆ ಎಂದು ಬರೆಯಬೇಕು; ಸೈಟಿನ ನೋಟ್‌ಬುಕ್ಕನ್ನು ಕಾರ್ಯದರ್ಶಿ ವಾರಕ್ಕೊಮ್ಮೆ ಸ್ವತಃ ಓದಿ ಸಹಿ ಹಾಕಬೇಕು. ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ವಿವರಿಸಿದ ಕ್ರಮವೊಂದನ್ನೂ ಮಾಡಿ ನೋಡಿದೆವು: ಮುಂದಿನ ಹಂಗಾಮೂ ಈಗಾಗಲೇ ಕೈತಪ್ಪಿದೆ ಎಂದು ಭಾವಿಸಿ, ಅದಕ್ಕೆ ಕಾರಣವನ್ನು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯುವುದು. ಬಾಯಲ್ಲಿ ಹೇಳಲು ಹಿಂಜರಿಯುತ್ತಿದ್ದವರೂ ಬರೆದರು. ಹಣ್ಣು ತರುವ ಜೀಪು ಹತ್ತುವಂತಹ ರಸ್ತೆ ಘಟಕದ ಹಿಂಬದಿಗೆ ಇಲ್ಲವೆಂದು ಒಂದು ಚೀಟಿಯಲ್ಲಿತ್ತು. ಒಣಗಿದ ಸಿಪ್ಪೆಯನ್ನು ಕೊಳ್ಳುವವರ ಜೊತೆ ಯಾರೂ ಇನ್ನೂ ಮಾತಾಡಿಲ್ಲವೆಂದು ಮತ್ತೊಂದರಲ್ಲಿ. ಎರಡೂ ನಿಜವಾಗಿದ್ದವು.

ಕೊನೆಯಲ್ಲಿ ಉಳಿದದ್ದು ಆ ದಿನದ ಟಿಪ್ಪಣಿಯನ್ನು ಏನು ಮಾಡಬೇಕೆಂಬ ಚರ್ಚೆ. ಹೊರಗೆ ಹೋದರೆ ಸಂಘದ ಹೆಸರು ಕೆಡುತ್ತದೆ, ಕಪಾಟಿನಲ್ಲೇ ಇರಲಿ ಎಂದು ಕೆಲವು ನಿರ್ದೇಶಕರು ಹೇಳಿದರು. ಸಾಲದ ಕಂತು ಕಟ್ಟುವವರು ಸದಸ್ಯರಾದ ಮೇಲೆ ಟಿಪ್ಪಣಿಯೂ ಅವರ ಮನೆ ಸೇರಬೇಕು ಎಂದು ನಾನು ಪಟ್ಟು ಹಿಡಿದೆ. ಸಾಕಷ್ಟು ವಾದವಾದ ನಂತರ ಅಧ್ಯಕ್ಷರು ಒಪ್ಪಿ, ಸದಸ್ಯರಿಗೆಲ್ಲ ಸಾಲುವಷ್ಟು ಝೆರಾಕ್ಸ್ ಮಾಡಿಸುವಂತೆ ಕಾರ್ಯದರ್ಶಿಗೆ ಹೇಳಿದರು.