ಹಳೇ ಕಾರಿನ ಜೊತೆ ಬರುವ ಬಾಕಿ ಲೆಕ್ಕ

ಎಂಟು-ಹತ್ತು ವರ್ಷ ಓಡಿದ ಸಣ್ಣ ಪೆಟ್ರೋಲ್ ಕಾರು ಮಾರಾಟಕ್ಕೆ ಬಂದಿದೆ ಎಂದರೆ, ಮಾರುವವರು ಯಾವುದೋ ಒಂದು ದೊಡ್ಡ ಖರ್ಚನ್ನು ಮುಂದಕ್ಕೆ ತಳ್ಳಿರುವ ಸಾಧ್ಯತೆ ಹೆಚ್ಚು. ಕ್ಲಚ್ ಇರಬಹುದು, ಟೈಮಿಂಗ್ ಬೆಲ್ಟ್ ಇರಬಹುದು, ನಾಲ್ಕೂ ಟೈರ್ ಇರಬಹುದು. ಆ ಬಾಕಿ ಕಾರಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ. ಎಷ್ಟಿದೆ ಎಂದು ಮೊದಲೇ ಗೊತ್ತಾದರೆ ಬೆಲೆಯಲ್ಲಿ ಇಳಿಸಿ ಕೇಳಬಹುದು.

ಕಾರು ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಬಾನೆಟ್ ಮೇಲೆ ಕೈಯಿಟ್ಟಾಗ ಬಿಸಿ ತಾಗಿದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ಹೊರಡಿ. ಎಂಜಿನ್ನಿನ ಅರ್ಧ ಕಾಯಿಲೆ ಬಯಲಾಗುವುದು ಮೊದಲ ಸ್ಟಾರ್ಟ್‌ನಲ್ಲಿ. ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ, ರಾತ್ರಿಯಿಡೀ ಆಯಿಲ್ ಸಿಲಿಂಡರಿಗೆ ಇಳಿದಿದೆ. ಓಡುವಾಗ ಆಕ್ಸಿಲರೇಟರ್ ಒತ್ತಿದಷ್ಟೂ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಬೇಕು. ಸೀಲ್ ಕೆಲಸವನ್ನು ಎಷ್ಟೋ ಎಂಜಿನ್‌ಗಳಲ್ಲಿ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿಚ್ಚದೆ ಮುಗಿಸಬಹುದು. ರಿಂಗ್ ಆದರೆ ಎಂಜಿನ್ ಪೂರ್ತಿ ಬಿಚ್ಚಬೇಕು, ಅಂಥ ಕಾರನ್ನು ಬಿಟ್ಟುಬಿಡುವುದೇ ಲೇಸು.

ಎಂಜಿನ್ ತಣ್ಣಗಿರುವಾಗಲೇ ಕೂಲೆಂಟ್ ಮುಚ್ಚಳ ತೆಗೆದು ನೋಡಿ. ಹಸಿರೋ ಕೆಂಪೋ ನೀಲಿಯೋ, ಬಣ್ಣ ತಿಳಿಯಾಗಿದ್ದರೆ ಸರಿ. ಕಾಫಿ ಬಣ್ಣದ ತುಕ್ಕು ನೀರಿದ್ದರೆ ವರ್ಷಗಟ್ಟಲೆ ಬರೀ ನೀರು ಸುರಿದಿದ್ದಾರೆ. ಕೂಲೆಂಟ್‌ನ ಕೆಲಸ ತಣ್ಣಗಿಡುವುದಷ್ಟೇ ಎಂದು ತಿಳಿದವರು ಮಾಡುವ ತಪ್ಪು ಇದು. ಕುದಿಯುವ ಮಟ್ಟವನ್ನು ಏರಿಸುವುದು, ಅಲ್ಯೂಮಿನಿಯಂ ಹೆಡ್ ಮತ್ತು ರೇಡಿಯೇಟರ್ ಒಳಗೆ ಸವಕಳಿ ತಡೆಯುವುದು, ವಾಟರ್ ಪಂಪಿನ ಸೀಲ್ ಕಾಯುವುದು, ಎಲ್ಲವೂ ಅದರದೇ. ಸಾಂದ್ರ ರೂಪದ ಕೂಲೆಂಟ್ ತಂದರೆ ಅರ್ಧಕ್ಕೆ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೊದಲೇ ಬೆರೆಸಿ ಬರುವ ಡಬ್ಬಕ್ಕೆ ಮತ್ತೆ ನೀರು ಸೇರಿಸಬಾರದು.

ಆಮೇಲೆ ಎಂಜಿನ್ ನಿಂತಲ್ಲೇ ಓಡಲಿ. ಟೆಂಪರೇಚರ್ ಮುಳ್ಳು ಏರಿ ಒಂದು ಕಡೆ ನಿಲ್ಲಬೇಕು, ಸ್ವಲ್ಪ ಹೊತ್ತಿಗೆ ಫ್ಯಾನ್ ತಾನಾಗಿ ತಿರುಗಿ ಮತ್ತೆ ನಿಲ್ಲಬೇಕು. ಓಡಿಸುವಾಗ ಮುಳ್ಳು ಮೇಲೇರುವುದೇ ಇಲ್ಲ ಎಂದರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರಬಹುದು, ಅಥವಾ ಬಿಸಿಯಾಗುವ ಕಾಯಿಲೆಗೆ ಮದ್ದೆಂದು ಯಾರೋ ಅದನ್ನು ಕಿತ್ತೇ ಹಾಕಿರಬಹುದು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚು ಕೊಡುತ್ತಲೇ ಇರುತ್ತದೆ, ಮೈಲೇಜ್ ಬೀಳುತ್ತದೆ. ಮೂಲ ಕಾಯಿಲೆಯಾದ ಕಟ್ಟಿದ ರೇಡಿಯೇಟರ್ ಹಾಗೇ ಉಳಿದಿರುತ್ತದೆ.

ಒಮ್ಮೆ ಚೆನ್ನಾಗಿ ಕುದಿದ ಎಂಜಿನ್ನಿನ ಗುರುತುಗಳು ಬೇರೆ: ಕೂಲೆಂಟ್ ಟ್ಯಾಂಕಿನಲ್ಲಿ ನಿಲ್ಲದೆ ಬರುವ ಗುಳ್ಳೆ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ, ಸೋರಿಕೆ ಕಾಣದಿದ್ದರೂ ಇಳಿಯುವ ಕೂಲೆಂಟ್. ಆಯಿಲ್ ಮುಚ್ಚಳದ ಅಡಿಯ ಬೆಣ್ಣೆಯಂಥ ಪದರ ನೋಡಿ ಮಾತ್ರ ತೀರ್ಮಾನಕ್ಕೆ ಬರಬೇಡಿ, ಚಳಿಯಲ್ಲಿ ಬರೀ ಚಿಕ್ಕ ದೂರ ಓಡಿದ ಕಾರಿನಲ್ಲೂ ಅದು ಕೂಡುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಬಣ್ಣವಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಹೋಗಿರುವ ಸಂಭವ ಹೆಚ್ಚು. ಬರೀ ಗ್ಯಾಸ್ಕೆಟ್ ಹಾಕಿ ಮುಚ್ಚಿದರೆ ಕೆಲಸ ಬಾಳುವುದಿಲ್ಲ. ಬಿಸಿಗೆ ಹೆಡ್ ಬಾಗಿದೆಯೇ ಎಂದು ನೇರಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ಅಳೆಯಬೇಕು, ಬಾಗಿದ್ದರೆ ಮಟ್ಟ ಮಾಡಿಸಬೇಕು. ಬಿಗಿಯುವಾಗ ಹಿಗ್ಗುವ ಬಗೆಯ ಹೆಡ್ ಬೋಲ್ಟ್ ಇದ್ದರೆ ಹೊಸದನ್ನೇ ಹಾಕಬೇಕು.

ಮುಂದೆ ಟೈಮಿಂಗ್, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುವ ಏರ್ಪಾಡು. ನಿಮ್ಮ ಎಂಜಿನ್ನಿನಲ್ಲಿರುವುದು ಬೆಲ್ಟೋ ಚೈನೋ ಎಂಬುದನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಬೆಲ್ಟ್ ಆದರೆ ಮಾದರಿಗೆ ತಕ್ಕಂತೆ ಸುಮಾರು 60,000ದಿಂದ 1,00,000 ಕಿ.ಮೀ.ಗೆ ಬದಲಿಸಬೇಕು. ಕಿ.ಮೀ. ಆಗದಿದ್ದರೂ ವರ್ಷದ ಗಡುವು ಇದ್ದೇ ಇರುತ್ತದೆ, ರಬ್ಬರ್ ನಿಂತಲ್ಲೇ ಮುಪ್ಪಾಗುತ್ತದೆ. ‘ಕಡಿಮೆ ಓಡಿದ ಕಾರು’ ಎಂಬ ಮಾತಿಗೆ ಮರುಳಾಗುವವರು ಎಡವುವುದು ಇಲ್ಲೇ. ಬೆಲ್ಟ್ ತುಂಡಾದರೆ ಬಹುಪಾಲು ಎಂಜಿನ್‌ಗಳಲ್ಲಿ ತೆರೆದ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಬದಲಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟ್ ಜೊತೆ ಅದನ್ನು ಬಿಗಿಯಾಗಿ, ದಾರಿಯಲ್ಲಿ ಇಡುವ ಉರುಳೆಗಳಾದ ಟೆನ್ಷನರ್, ಐಡ್ಲರ್ ಹಾಕಿಸಿ. ವಾಟರ್ ಪಂಪನ್ನು ಅದೇ ಬೆಲ್ಟ್ ತಿರುಗಿಸುತ್ತಿದ್ದರೆ ಅದನ್ನೂ ಹಾಕಿಸಿ, ಬಿಚ್ಚುವ ಕೂಲಿ ಒಂದೇ. ಚೈನ್‌ಗೆ ಗಡುವಿಲ್ಲ ಎನ್ನುತ್ತಾರೆ, ಆದರೆ ಅದರ ಆಯಸ್ಸು ಆಯಿಲ್ ಬದಲಿಸಿದವರ ಶಿಸ್ತಿನ ಮೇಲೆ ನಿಂತಿದೆ. ತಣ್ಣನೆ ಸ್ಟಾರ್ಟ್‌ನಲ್ಲಿ ಗಲಗಲ ಸದ್ದು ಕೆಲವು ಸೆಕೆಂಡ್ ಎಳೆದರೆ ಟೆನ್ಷನರ್ ಸೋತಿದೆ ಅಥವಾ ಚೈನ್ ಹಿಗ್ಗಿದೆ.

ಕ್ಲಚ್ ಪರೀಕ್ಷೆ ಸುಲಭ. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಪೆಡಲ್ ತುಳಿದಾಗ ಮಾತ್ರ ಗುರ್ ಅನ್ನುವ ಸದ್ದು ರಿಲೀಸ್ ಬೇರಿಂಗ್‌ನದು. ಕೆಳಗಿಳಿಸಬೇಕಾದ್ದು ಗೇರ್‌ಬಾಕ್ಸ್ ಆದ್ದರಿಂದ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಒಂದು ಬಿಡಿಭಾಗದ ದುಡ್ಡು ಉಳಿಸಲು ಹೋಗಿ ಎರಡು ಸಲ ಕೂಲಿ ಕೊಡುವವರು ಬಹಳ.

ಸಸ್ಪೆನ್ಷನ್‌ನಲ್ಲಿ ಕಿವಿಯೇ ಮೆಕ್ಯಾನಿಕ್. ಸಣ್ಣ ಕುಳಿಯಲ್ಲಿ ಟಕಟಕ ಎಂದರೆ ಹೆಚ್ಚಾಗಿ ಲಿಂಕ್ ರಾಡ್. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಮ್ಮೆ ಧಡ್ ಎಂದರೆ ಲೋವರ್ ಆರ್ಮ್ ಬುಷ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಎಂದರೆ ಡ್ರೈವ್ ಶಾಫ್ಟ್‌ನ ಹೊರಗಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದ ಹೊಸತರಲ್ಲೇ ಬದಲಿಸಿ ಗ್ರೀಸ್ ತುಂಬಿದ್ದರೆ ಜಾಯಿಂಟ್ ಉಳಿಯುತ್ತಿತ್ತು. ಧೂಳು, ನೀರು ಹೊಕ್ಕ ಮೇಲೆ ಏನೂ ಮಾಡುವಂತಿಲ್ಲ. ವೇಗದ ಜೊತೆ ಏರುವ ಗುಂಯ್ ಸದ್ದು ಬಲಕ್ಕೆ ತಿರುಗಿದಾಗ ಹೆಚ್ಚಾದರೆ ಎಡಗಡೆಯ ವೀಲ್ ಬೇರಿಂಗ್ ನೋಡಿ, ಭಾರ ಬೀಳುವುದು ಆ ಕಡೆಗೆ. ಟೈರಿನ ಪಕ್ಕದಲ್ಲಿರುವ DOT ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಒಳಅಂಚು ಮಾತ್ರ ಸವೆದಿದ್ದರೆ ಬುಷ್, ಅಲೈನ್‌ಮೆಂಟ್ ಎರಡನ್ನೂ ನೋಡಿಸಬೇಕು.

ಕೀ ಆನ್ ಮಾಡಿದಾಗ ಎಂಜಿನ್ ದೀಪ ಹೊತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತುವುದೇ ಇಲ್ಲವಾದರೆ ದೀಪಕ್ಕೇ ಯಾರೋ ಕೈ ಹಾಕಿರಬಹುದು. ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಹಾಕಿದಾಗ ದೋಷದ ಕೋಡ್ ಇಲ್ಲ ಎಂದು ಬಂದರೂ ರೆಡಿನೆಸ್ ಮಾನಿಟರ್ (ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಪಟ್ಟಿ) ಪುಟವನ್ನು ತೆರೆಯಿರಿ. ಅಲ್ಲಿ ಬಹುಪಾಲು ‘ಪೂರ್ಣವಾಗಿಲ್ಲ’ ಎಂದಿದ್ದರೆ ಇತ್ತೀಚೆಗಷ್ಟೇ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ, ಉತ್ತರ ಕೊಡುವವರ ಮುಖವನ್ನೂ ನೋಡಿ. ಬ್ಯಾಟರಿಗೆ ಮೀಟರ್ ಸಾಕು: ರಾತ್ರಿ ನಿಂತ ಮೇಲೆ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5.

ಇನ್ನು ಖರ್ಚಿನ ಲೆಕ್ಕ. ಸವೆಯುವ ಪ್ರತಿ ವಸ್ತುವಿನ ಬೆಲೆಗೆ ಕೂಲಿ ಸೇರಿಸಿ, ಅದು ಬಾಳುವ ಕಿ.ಮೀ.ಯಿಂದ ಭಾಗಿಸಿ. ಟೈರ್ ಸೆಟ್‌ಗೆ 40,000 ಕಿ.ಮೀ., ಕ್ಲಚ್‌ಗೆ 80,000, ಮುಂದಿನ ಬ್ರೇಕ್ ಪ್ಯಾಡ್‌ಗೆ 30,000, ಆಯಿಲ್ ಮತ್ತು ಫಿಲ್ಟರ್‌ಗೆ 10,000 ಎಂದು ಹಿಡಿದರೆ ಅಂದಾಜು ಸಿಗುತ್ತದೆ. ಬ್ರೇಕ್ ಆಯಿಲ್ ತೇವ ಹೀರುವುದರಿಂದ ಅದಕ್ಕೆ ಕಿ.ಮೀ. ಲೆಕ್ಕವಿಲ್ಲ, ಎರಡು ವರ್ಷಕ್ಕೊಮ್ಮೆ. ಎಲ್ಲವನ್ನೂ ಕೂಡಿ ಬಂದ ಮೊತ್ತವನ್ನು ತಿಂಗಳು ಓಡಿಸುವ ದೂರಕ್ಕೆ ಗುಣಿಸಿ ಬೇರೆ ಎತ್ತಿಡಿ. ಪ್ರತಿ ವಸ್ತುವನ್ನು ಕೊನೆಯ ಸಲ ಬದಲಿಸಿದ ಮೇಲೆ ಕಾರು ಎಷ್ಟು ಓಡಿದೆಯೋ ಅಷ್ಟು ಕಿ.ಮೀ.ನ ಬಾಕಿಯನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕುವುದು ಮರೆಯಬೇಡಿ: 70,000 ಓಡಿದ ಕಾರಿನಲ್ಲಿ ಮೊದಲಿನ ಕ್ಲಚ್ಚೇ ಇದ್ದರೆ ಎಂಟರಲ್ಲಿ ಏಳು ಪಾಲು ಆಗಲೇ ತೀರಿದೆ, ಆ ಏಳು ಪಾಲಿನ ದುಡ್ಡನ್ನು ಮಾರುವವರು ಕೇಳುವ ಬೆಲೆಯಿಂದ ಕಳೆಯಿರಿ.